ಮಾವನ ಲ್ಯಾಪ್‌ಟಾಪು, ಇನ್ಯಾರದೋ ಪಾಸ್‌ವರ್ಡು

ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ನಮ್ಮ ಕಡೆ ಎರಡೇ ಅರ್ಥ. ಒಂದು, ಕೈತುಂಬ ಸಂಬಳ. ಎರಡು, ಮನೆಮಂದಿಯ ಮೊಬೈಲು, ಪ್ರಿಂಟರು, ವೈಫೈ ಡಬ್ಬಿ ಎಲ್ಲದಕ್ಕೂ ಬಿಟ್ಟಿ ರಿಪೇರಿ. ದಿನವಿಡೀ ನಾನು ಮಾಡೋದು ಪೇಮೆಂಟ್ ಸಾಫ್ಟ್‌ವೇರ್‌ಗೆ ಕೋಡ್ ಬರೆಯೋ ಕೆಲಸ. ಆದರೆ ಹಬ್ಬಕ್ಕೆ ಊರಿಗೆ ಹೋದರೆ ಕಾಫಿ ಲೋಟ ಕೈಗೆ ಬರುವ ಮೊದಲೇ ಯಾರದಾದರೂ ಫೋನು ಬಂದಿರುತ್ತೆ. "ಸ್ಟೋರೇಜ್ ಫುಲ್ ಅಂತಿದೆ, ನೋಡೇ." "ವಾಟ್ಸ್ಯಾಪ್‌ನಲ್ಲಿ ಫೋಟೊ ತೆಗೀತಿಲ್ಲ ಕಣೇ." ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟೋ ಜನರ ಕಥೆ ಇದೇ ಇರಬಹುದು.

ಇವೆಲ್ಲ ಐದು ನಿಮಿಷದ ಕೆಲಸಗಳು. 2023ರ ನವೆಂಬರ್‌ನಲ್ಲಿ ಸೋದರಮಾವ ಫೋನ್ ಮಾಡಿ ಹೇಳಿದ್ದು ಮಾತ್ರ ಅಂಥದ್ದಲ್ಲ.

"ಪುಟ್ಟಿ, ಕಳೆದುಹೋಗಿದ್ದ ಲ್ಯಾಪ್‌ಟಾಪ್ ಸಿಕ್ತು ಕಣೇ. ಕೋರ್ಟಿಂದ ಬಿಡಿಸ್ಕೊಂಡು ಬಂದಿದೀನಿ. ಆದ್ರೆ ಒಳಗೆ ಹೋಗೋಕಾಗ್ತಿಲ್ಲ. ಯಾರೋ ಪಾಸ್‌ವರ್ಡ್ ಹಾಕ್ಬಿಟ್ಟಿದಾರೆ."

ಮಾವನಿಗೆ ತಿಪಟೂರು ಕಡೆಯ ಒಂದು ಸಣ್ಣ ಊರಲ್ಲಿ ಫೋಟೊ ಸ್ಟುಡಿಯೊ ಇದೆ. ರೀಲ್ ಕ್ಯಾಮೆರಾ ಕಾಲದಿಂದ ಅದೇ ಅಂಗಡಿ, ಅದೇ ನೀಲಿ ಪರದೆ. 2022ರ ಜೂನ್‌ನಲ್ಲಿ ಒಂದು ರಾತ್ರಿ ಶಟರ್ ಮೀಟಿ ಒಳಗೆ ನುಗ್ಗಿದವರು ಒಂದು ಕ್ಯಾಮೆರಾ, ಎರಡು ಲೆನ್ಸು, ಗಲ್ಲಾದಲ್ಲಿದ್ದ ಚಿಲ್ಲರೆ, ಜೊತೆಗೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿದ್ದರು. ಕ್ಯಾಮೆರಾ ಹೋಗಿದ್ದಕ್ಕೆ ಮಾವ ಒಂದು ವಾರ ಕೊರಗಿದರು. ಲ್ಯಾಪ್‌ಟಾಪಿನ ಕೊರಗು ಮಾತ್ರ ಹೋಗಲೇ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ತೆಗೆದಿದ್ದ ಒಂದು ಮದುವೆಯ ಫೋಟೊಗಳು ಅದರಲ್ಲೇ ಇದ್ದವು. ಆಲ್ಬಂ ಇನ್ನೂ ಆಗಿರಲಿಲ್ಲ. ಮೆಮೊರಿ ಕಾರ್ಡ್‌ಗಳು ಆಗಲೇ ಮುಂದಿನ ಮದುವೆಗೆ ಬಳಕೆಯಾಗಿದ್ದವು.

ಅದು ಊರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಒಬ್ಬಳೇ ಮಗಳ ಮದುವೆ. ಮಾವ ಅವರ ಮನೆಗೆ ಹೋಗಿ ವಿಷಯ ಹೇಳಿ, ಮುಂಗಡ ತೆಗೆದುಕೊಂಡಿದ್ದ ಹದಿನೈದು ಸಾವಿರ ವಾಪಸ್ ಕೊಟ್ಟು ಬಂದರು. ಅವರು ಬೈಯಲಿಲ್ಲವಂತೆ. "ಬೈದಿದ್ರೆ ವಾಸಿ ಇತ್ತು" ಅಂತ ಮಾವ ಎಷ್ಟೋ ಸಲ ಹೇಳಿದ್ದಾರೆ. ನೆಂಟರ ಮೊಬೈಲುಗಳಲ್ಲಿ ಒಂದಿಷ್ಟು ಫೋಟೊ ಸಿಕ್ಕವು. ಸೆಲ್ಫಿಗಳು, ಊಟದ ಎಲೆ, ರಿಸೆಪ್ಷನ್ನಿನ ಸ್ಟೇಜು. ಹುಡುಗಿಯ ಅಪ್ಪ ಮಾತ್ರ ಯಾವುದರಲ್ಲೂ ನೆಟ್ಟಗೆ ಇರಲಿಲ್ಲ. ಮಗಳ ಮದುವೆ ದಿನ ಅಡುಗೆಮನೆಗೂ ಮಂಟಪಕ್ಕೂ ಓಡಾಡೋ ಅಪ್ಪ ಸೆಲ್ಫಿಗೆ ನಿಲ್ಲೋದೆಲ್ಲಿ?

2023ರ ಜನವರಿಯಲ್ಲಿ ಅವರಿಗೆ ಹೃದಯಾಘಾತವಾಗಿ ಹೋಗಿಬಿಟ್ಟರು. ಹಾರ ಹಾಕೋಕೆ ಮನೆಯಲ್ಲಿ ಒಂದು ಸರಿಯಾದ ಫೋಟೊ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದದ್ದನ್ನೇ ದೊಡ್ಡದು ಮಾಡಿಸಿದರು. ಊರಲ್ಲಿ ಇರೋದು ಒಂದೇ ಸ್ಟುಡಿಯೊ. ಆ ಪ್ರಿಂಟ್ ಹಾಕಿ, ಕಟ್ಟು ಹಾಕಿಸಿ ಕೊಟ್ಟವರು ಮಾವನೇ.

ಹಾಗಾಗಿ ಲ್ಯಾಪ್‌ಟಾಪ್ ಸಿಕ್ತು ಅಂದಾಗ ಮಾವನ ತಲೆಯಲ್ಲಿ ಏನಿತ್ತು ಅಂತ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸಿಕ್ಕಿದ್ದು ಹೇಗೆ ಅನ್ನೋದು ಬೇರೆ ಕಥೆ. ಬೇರೊಂದು ಕಳ್ಳತನದಲ್ಲಿ ಸಿಕ್ಕಿಬಿದ್ದವರು ಹಳೆಯದನ್ನೂ ಬಾಯಿಬಿಟ್ಟರು. ಅವರಿಂದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿ, ಆ ಅಂಗಡಿಯಿಂದ ಲ್ಯಾಪ್‌ಟಾಪ್ ಕೊಂಡಿದ್ದ ಒಬ್ಬ ಡಿಪ್ಲೊಮಾ ಓದುವ ಹುಡುಗ. ಇದೇ ನಮ್ಮದು ಅಂತ ಗೊತ್ತಾಗಿದ್ದು ಸೀರಿಯಲ್ ನಂಬರ್‌ನಿಂದ. ಮಾವ ಬಿಲ್ಲನ್ನೂ ರಟ್ಟಿನ ಡಬ್ಬಿಯನ್ನೂ ಜೋಪಾನವಾಗಿ ಇಟ್ಟಿದ್ದರು. ದೂರು ಕೊಡುವಾಗ ಬಿಲ್ಲಿನಿಂದ ಆ ನಂಬರ್ ಬರೆಸಿದ್ದರು. ಕಳೆದುಹೋದ ಮೊಬೈಲಿಗಾದರೆ ಐಎಂಇಐ ನಂಬರ್ ಇದೆ, ಸಂಚಾರ್ ಸಾಥಿಯಲ್ಲಿ ಅದನ್ನ ಕೊಟ್ಟು ಫೋನ್ ಬ್ಲಾಕ್ ಮಾಡಿಸಬಹುದು. ಲ್ಯಾಪ್‌ಟಾಪಿಗೆ ಅಂಥ ವ್ಯವಸ್ಥೆ ಇಲ್ಲ. ತಳದಲ್ಲಿ ಅಂಟಿಸಿರೋ ಆ ಸಣ್ಣ ಸ್ಟಿಕ್ಕರಿನ ನಂಬರೇ ಅದರ ಜಾತಕ.

ಪೊಲೀಸರು ವಶಪಡಿಸಿಕೊಂಡ ಸ್ವತ್ತು ಸೀದಾ ನಮ್ಮ ಕೈಗೆ ಬರೋದಿಲ್ಲ. ಕೋರ್ಟಿಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬೇಕು. ಆಗ ಇದ್ದ ಸಿಆರ್‌ಪಿಸಿಯಲ್ಲಿ ಇದಕ್ಕೆ 451 ಮತ್ತು 457ನೇ ಸೆಕ್ಷನ್‌ಗಳಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅವೇ 497 ಮತ್ತು 503 ಆಗಿವೆ. ಇಂಥ ವಸ್ತುಗಳನ್ನ ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಫೋಟೊ ತೆಗೆದು, ಮಹಜರು ಮಾಡಿ, ಬಾಂಡ್ ಬರೆಸಿಕೊಂಡು ಬೇಗ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಮಾವನಿಗೂ ಹಾಗೇ ಸಿಕ್ಕಿತು. ಬಾಂಡಿನಲ್ಲಿದ್ದ ಷರತ್ತು ಮೂರು. ಮಾರಬಾರದು. ಸ್ವರೂಪ ಬದಲಿಸಬಾರದು. ಕೋರ್ಟು ಕೇಳಿದಾಗ ತಂದು ತೋರಿಸಬೇಕು.

ಇಷ್ಟೆಲ್ಲ ಆಗಿ ಮನೆಗೆ ತಂದು ಆನ್ ಮಾಡಿದರೆ ಪಾಸ್‌ವರ್ಡು! ಮಾವ ತಮ್ಮ ಹಳೆಯದನ್ನ ಹಾಕಿ ನೋಡಿದರು. 1234 ಹಾಕಿದರು. ಅತ್ತೆ ಹೇಳಿದ್ದೆಲ್ಲ ಹಾಕಿದರು. ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಗೆ ತೆಗೆದುಕೊಂಡು ಹೋದರೆ ಅಲ್ಲಿನವರು, "ಐನೂರು ಕೊಡಿ ಸರ್, ಫಾರ್ಮ್ಯಾಟ್ ಹೊಡೆದು ಸಂಜೆಗೆ ಕೊಡ್ತೀನಿ" ಅಂದರಂತೆ. ಪುಣ್ಯಕ್ಕೆ ಮಾವ ಒಪ್ಪಿಕೊಳ್ಳುವ ಮೊದಲು ನನಗೆ ಫೋನ್ ಮಾಡಿದ್ದರು.

"ಮಾವ, ಆಫ್ ಮಾಡಿ ಇಡಿ. ಇನ್ನೊಂದ್ ಸಲ ಆನ್ ಮಾಡೋದು ಬೇಡ. ಚಾರ್ಜಿಗೂ ಹಾಕ್ಬೇಡಿ. ಶನಿವಾರ ನಾನೇ ಬರ್ತೀನಿ."

ಸುಮ್ಮನೆ ಆನ್ ಮಾಡಿದರೆ ಏನಾಗುತ್ತೆ ಅಂತ ನಿಮಗೆ ಅನ್ನಿಸಬಹುದು. ನಾವು ಏನೂ ಮಾಡದೆ ಕೂತಿದ್ದರೂ ವಿಂಡೋಸ್ ಸುಮ್ಮನಿರೋದಿಲ್ಲ. ಹಿಂದೆ ಏನಾದರೂ ಬರೆಯುತ್ತಾ, ಅಳಿಸುತ್ತಾ ಇರುತ್ತೆ. ಹಳೆ ಫೋಟೊಗಳು ಡಿಸ್ಕಿನ ಮೂಲೆಯಲ್ಲಿ ಎಲ್ಲಾದರೂ ಉಳಿದಿದ್ದರೆ ಅವುಗಳ ಮೇಲೇ ಬರೆದುಬಿಡಬಹುದು.

ಶನಿವಾರ ಬೆಳಗಿನ ರೈಲಿಗೆ ಹೋದೆ. ಬ್ಯಾಗಿನಲ್ಲಿ ಎರಡು ಟಿಬಿಯ ಖಾಲಿ ಹಾರ್ಡ್ ಡಿಸ್ಕು, ಲಿನಕ್ಸ್ ಹಾಕಿದ ಒಂದು ಪೆನ್‌ಡ್ರೈವು, ನನ್ನ ಲ್ಯಾಪ್‌ಟಾಪು. ಮಾವ ಸ್ಟುಡಿಯೊದ ಒಳಕೋಣೆಯಲ್ಲಿ ಮೇಜು ಖಾಲಿ ಮಾಡಿಟ್ಟಿದ್ದರು. ಲ್ಯಾಪ್‌ಟಾಪಿನ ಮೇಲೆ ಠಾಣೆಯ ಚೀಟಿಯ ಅಂಟು ಇನ್ನೂ ಹಾಗೇ ಇತ್ತು.

ಲಾಕ್ ಆದ ಲ್ಯಾಪ್‌ಟಾಪ್ ಅಂದರೆ ಎಲ್ಲ ಬೀಗಗಳೂ ಒಂದೇ ಅಂತ ನಾವು ಅಂದುಕೊಳ್ತೀವಿ. ಹಾಗಲ್ಲ. ಮೂರು ಥರದ ಬೀಗ ಇರಬಹುದು. ಮೊದಲನೆಯದು ಬಯೋಸ್ ಪಾಸ್‌ವರ್ಡು. ಅದಿದ್ದರೆ ಯಂತ್ರ ಶುರುವಾಗೋದೇ ಇಲ್ಲ. ಹಳೆ ಕಂಪ್ಯೂಟರುಗಳಲ್ಲಿ ಒಳಗಿನ ಗುಂಡು ಬ್ಯಾಟರಿ ತೆಗೆದು ಹಾಕಿದರೆ ಅದು ಹೋಗುತ್ತಿತ್ತು. ಈಗಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಆ ಆಟ ನಡೆಯೋದಿಲ್ಲ. ಬಿಲ್ ಹಿಡಿದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಎರಡನೆಯದು ವಿಂಡೋಸ್ ಪಾಸ್‌ವರ್ಡು, ನಾವೆಲ್ಲ ದಿನಾ ಹಾಕೋದು. ಮೂರನೆಯದು ಎನ್‌ಕ್ರಿಪ್ಷನ್. ವಿಂಡೋಸಿನಲ್ಲಿ ಬಿಟ್‌ಲಾಕರ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್ ಅಂತಾರಲ್ಲ, ಅದು. ಇದರಲ್ಲಿ ಬಾಗಿಲಿಗಷ್ಟೇ ಬೀಗವಲ್ಲ, ಒಳಗಿನ ಒಂದೊಂದು ಅಕ್ಷರವೂ ಗೂಢಲಿಪಿಯಲ್ಲಿರುತ್ತೆ. ಕೀಲಿ ಇಲ್ಲದಿದ್ದರೆ ನಾನಲ್ಲ, ಯಾವ ಇಂಜಿನಿಯರೂ ಏನೂ ಮಾಡೋಕಾಗಲ್ಲ.

ಪವರ್ ಬಟನ್ ಒತ್ತಿದ ಕೂಡಲೇ ಬಯೋಸ್ ಒಳಗೆ ಹೋದೆ. ಅಲ್ಲಿ ಬೀಗ ಇರಲಿಲ್ಲ. ವಿಂಡೋಸ್ ಶುರುವಾಗೋಕೆ ಬಿಡದೆ ಪೆನ್‌ಡ್ರೈವಿನಿಂದ ಲಿನಕ್ಸ್ ಶುರು ಮಾಡಿದೆ. ಹಳೆ ಕಾಲದ ತಿರುಗುವ ಹಾರ್ಡ್ ಡಿಸ್ಕು, ಒಂದು ಟಿಬಿಯದ್ದು. ಎನ್‌ಕ್ರಿಪ್ಷನ್ ಇರಲಿಲ್ಲ. ಸಿ ಡ್ರೈವು, ಡಿ ಡ್ರೈವು ಎರಡೂ ಬಾಗಿಲು ತೆರೆದ ಮನೆಯ ಹಾಗೆ ಕಾಣಿಸಿದವು.

ಹತ್ತು ನಿಮಿಷ ಕೂಡ ಆಗಿರಲಿಲ್ಲ. ಮಾವ ನನ್ನ ಮುಖ ನೋಡಿದರು.

"ಇಷ್ಟೇನಾ?"

"ಇಷ್ಟೇ ಮಾವ."

"ಹಾಗಾದ್ರೆ ಕಳ್ಳಂಗೂ ಇಷ್ಟೇ ಅಲ್ವೇನೇ?"

ನಾನು ಆಫೀಸಿನಲ್ಲಿ ಎಷ್ಟೋ ಸೆಕ್ಯುರಿಟಿ ಟ್ರೈನಿಂಗ್‌ಗಳಲ್ಲಿ ಕೂತಿದ್ದೇನೆ. ಯಾವುದರಲ್ಲೂ ಇಷ್ಟು ಚೆನ್ನಾಗಿ ವಿಷಯ ಹೇಳಿದ್ದು ಕೇಳಿಲ್ಲ. ವಿಂಡೋಸ್ ಪಾಸ್‌ವರ್ಡ್ ಕಾಯೋದು ಬಾಗಿಲನ್ನ, ಒಳಗಿನ ಸಾಮಾನನ್ನಲ್ಲ. ಎನ್‌ಕ್ರಿಪ್ಷನ್ ಇಲ್ಲದ ಡಿಸ್ಕನ್ನ ಬಿಚ್ಚಿ ಇನ್ನೊಂದು ಕಂಪ್ಯೂಟರಿಗೆ ಹಾಕಿದರೆ ಆ ಪಾಸ್‌ವರ್ಡನ್ನ ಯಾರೂ ಕೇಳೋದೇ ಇಲ್ಲ.

"ಹಂಗಿದ್ರೆ ಆ ಪಾಸ್‌ವರ್ಡ್ ಏನು ಅಂತ ನೋಡಿ ಹೇಳು" ಅಂದರು ಮಾವ. ಅದು ಆಗೋದಿಲ್ಲ. ವಿಂಡೋಸ್ ಪಾಸ್‌ವರ್ಡನ್ನ ಇದ್ದ ಹಾಗೆ ಬರೆದಿಟ್ಟುಕೊಳ್ಳೋದಿಲ್ಲ. ಅದನ್ನ ಗಣಿತದ ಗಾಣಕ್ಕೆ ಹಾಕಿ ಹಿಂಡಿ ಬಂದದ್ದನ್ನಷ್ಟೇ ಇಟ್ಟುಕೊಳ್ಳುತ್ತೆ. ಎಣ್ಣೆಯಿಂದ ಮತ್ತೆ ಕೊಬ್ಬರಿ ಮಾಡೋಕಾಗಲ್ಲವಲ್ಲ, ಹಾಗೆ. ಅದನ್ನ ಅಳಿಸಿ ಹೊಸದು ಹಾಕೋ ದಾರಿಗಳಿವೆ. ಆದರೆ ಆ ಬಳಕೆದಾರ ವಿಂಡೋಸಿನಲ್ಲೇ ಬೀಗ ಹಾಕಿಟ್ಟ ಫೈಲುಗಳೇನಾದರೂ ಇದ್ದರೆ ಅವು ಶಾಶ್ವತವಾಗಿ ಹೋಗಿಬಿಡಬಹುದು. ಮೇಲಾಗಿ ಬಾಂಡು. ಸ್ವರೂಪ ಬದಲಿಸೋದಿಲ್ಲ ಅಂತ ಮಾವ ಕೋರ್ಟಿಗೆ ಸಹಿ ಹಾಕಿ ಕೊಟ್ಟಿದ್ದರು. ಪಾಸ್‌ವರ್ಡನ್ನ ನಾನು ಮುಟ್ಟಲಿಲ್ಲ.

ಮೊದಲು ಮಾಡಿದ್ದು ಇಡೀ ಡಿಸ್ಕಿನ ನಕಲು. ಫೈಲುಗಳ ನಕಲಲ್ಲ, ಖಾಲಿ ಜಾಗವೂ ಸೇರಿ ತಲೆಯಿಂದ ಕಾಲಿನವರೆಗೆ. ಮೂಲ ಡಿಸ್ಕಿಗೆ ಒಂದಕ್ಷರವೂ ಬರೆಯದಂತೆ, ಬರೀ ಓದುವಂತೆ. ಆಮೇಲಿನ ಎಲ್ಲ ಕಸರತ್ತೂ ನಕಲಿನ ಮೇಲೆ. ಇದನ್ನ ಮಾವನಿಗೆ ವಿವರಿಸಬೇಕಾಗಲಿಲ್ಲ. "ನೆಗೆಟಿವ್ ಮುಟ್ಬಾರ್ದು, ಪ್ರಿಂಟ್ ಮೇಲೆ ಟಚಪ್ ಮಾಡ್ಬೇಕು. ಅಷ್ಟೇ ತಾನೇ?" ಅಂದರು. ನಕಲಾಗೋಕೆ ಸುಮಾರು ನಾಲ್ಕು ಗಂಟೆ ಹಿಡಿಯಿತು. ಅಷ್ಟರಲ್ಲಿ ಮಾವ ಇಬ್ಬರಿಗೆ ಪಾಸ್‌ಪೋರ್ಟ್ ಫೋಟೊ ತೆಗೆದುಕೊಟ್ಟರು, ಅತ್ತೆ ಅವರೆಕಾಳು ಉಪ್ಪಿಟ್ಟು ಕಳಿಸಿದರು.

ನಕಲಿನಲ್ಲಿ ಡಿ ಡ್ರೈವ್ ತೆರೆದೆ. ಮಾವನ ಒಂದು ಫೋಲ್ಡರೂ ಇರಲಿಲ್ಲ.

ಸೆಕೆಂಡ್‌ಹ್ಯಾಂಡ್ ಅಂಗಡಿಯವರು ಎರಡೂ ಡ್ರೈವುಗಳನ್ನ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಮಾರಿದ್ದರು. ಆ ಮೇಲೆ ಬಂದದ್ದು ಹುಡುಗನ ಸಾಮಾನು: ಸಿನಿಮಾಗಳು, ಎರಡು ದೊಡ್ಡ ಗೇಮುಗಳು, ಕಾಲೇಜಿನ ನೋಟ್ಸು. ಮಾವ ಏನೂ ಮಾತಾಡದೆ ಎದ್ದುಹೋಗಿ ಅಂಗಡಿ ಮುಂದೆ ನಿಂತುಕೊಂಡರು.

ಆದರೆ ಫಾರ್ಮ್ಯಾಟ್ ಆದ ಮಾತ್ರಕ್ಕೆ ಎಲ್ಲ ಹೋಯಿತು ಅಂತಲ್ಲ. ಜಮೀನಿನ ಲೆಕ್ಕದಲ್ಲಿ ಹೇಳ್ತೀನಿ. ಕ್ವಿಕ್ ಫಾರ್ಮ್ಯಾಟ್ ಅಂದರೆ ಪಹಣಿ ಹರಿದು ಹಾಕಿದ ಹಾಗೆ. ಯಾವ ಸರ್ವೆ ನಂಬರ್ ಯಾರದು ಅನ್ನೋ ದಾಖಲೆ ಹೋಗುತ್ತೆ. ಹೊಲದಲ್ಲಿರೋ ಬೆಳೆ ಹಾಗೇ ಇರುತ್ತೆ. ಹೊಸಬರು ಬಂದು ಉಳುಮೆ ಮಾಡಿದ ಕಡೆ ಮಾತ್ರ ಹಳೆ ಬೆಳೆ ನಾಶ. ಹುಡುಗ ಉತ್ತಿದ್ದು ಡಿಸ್ಕಿನ ಒಂದಷ್ಟು ಭಾಗವನ್ನ. ಉಳಿದ ಕಡೆ ಏನಾದರೂ ಇರಬಹುದು. ಈಗಿನ ಎಸ್‌ಎಸ್‌ಡಿ ಆಗಿದ್ದರೆ ಈ ಆಸೆಯೂ ಇರುತ್ತಿರಲಿಲ್ಲ. ಅಲ್ಲಿ ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿದ ಜಾಗವನ್ನ ತಾನೇ ಗುಡಿಸಿ ಖಾಲಿ ಮಾಡುತ್ತೆ. ಡಿಸ್ಕು ಹಳೆಯದಾಗಿದ್ದದ್ದೇ ನಮ್ಮ ಅದೃಷ್ಟ.

ಫೋಟೊರೆಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಫೈಲಿನ ಹೆಸರು, ಫೋಲ್ಡರು ಏನೂ ಬೇಡ. ಪ್ರತಿ ಜೆಪೆಗ್ ಫೋಟೊ ಶುರುವಾಗೋದು ಒಂದೇ ಥರದ ಗುರುತಿನಿಂದ. ಡಿಸ್ಕನ್ನ ಮೊದಲಿನಿಂದ ಕೊನೆಯವರೆಗೆ ಓದುತ್ತಾ ಆ ಗುರುತು ಕಂಡಲ್ಲೆಲ್ಲ ಅದು ಫೋಟೊವನ್ನ ಎತ್ತಿಡುತ್ತೆ. ರಾತ್ರಿ ಅದನ್ನ ಓಡಿಸಿ ಮಲಗಿದೆವು.

ಭಾನುವಾರ ಬೆಳಿಗ್ಗೆ ನೋಡಿದರೆ ಮೂವತ್ತು ಸಾವಿರಕ್ಕೂ ಹೆಚ್ಚು ಚಿತ್ರಗಳು. ಹೆಸರೆಲ್ಲ ಹೋಗಿ ಬರೀ ನಂಬರು. ಒಂದು ಫೋಲ್ಡರ್ ತೆರೆದ ಕೂಡಲೇ ಸಣ್ಣ ಸಣ್ಣ ಚಿತ್ರಗಳು ಸ್ಕ್ರೀನಿನ ತುಂಬ ಹರಡಿಕೊಂಡವು. ಇಂಟರ್ನೆಟ್ಟಿನ ಚೂರುಪಾರು, ಸಿನಿಮಾ ಪೋಸ್ಟರು, ಒಂದು ಮಾರ್ಕ್ಸ್ ಕಾರ್ಡು, ಯಾವುದೋ ಹುಡುಗಿ ನಗುತ್ತಾ ನಿಂತಿರೋದು, ಆಸ್ಪತ್ರೆ ಮಂಚದ ಮೇಲೆ ಮಲಗಿರೋ ಒಬ್ಬ ಹೆಂಗಸು.

"ಮುಚ್ಚು ಅದನ್ನ" ಅಂದರು ಮಾವ.

ಮುಚ್ಚಿದೆ.

"ಅದು ನಮ್ದಲ್ಲ. ಆ ಹುಡುಗಂದು."

ನಾನು ವಾದ ಮಾಡಲಿಲ್ಲ. ಆದರೂ ಮನಸ್ಸಿನಲ್ಲಿ ಒಂದು ಲೆಕ್ಕ ಇತ್ತು. ಲ್ಯಾಪ್‌ಟಾಪು ನಮ್ಮದು, ಕೋರ್ಟೇ ಹೇಳಿದೆ. ಅಂದಮೇಲೆ ಒಳಗಿರೋದೂ ನಮ್ಮದೇ ಅಲ್ಲವೇ? ಮಾವನಿಗೆ ಆ ಲೆಕ್ಕ ಅರ್ಥವಾಯಿತೇನೋ, ತಾವೇ ಮುಂದುವರಿಸಿದರು. "ನನ್ನ ಕೈಗೆ ಊರಿನವರ ಎಷ್ಟು ರೀಲು ಬಂದಿಲ್ಲ ಹೇಳು. ಹೊಸದಾಗಿ ಮದುವೆಯಾದೋರ್ದು, ಹೆರಿಗೆ ಮನೇದು, ಸತ್ತೋರ್ದು. ತೊಳೆಯುವಾಗ ಕಣ್ಣಿಗೆ ಬಿದ್ದೇ ಬೀಳುತ್ತೆ. ಕವರ್‌ಗೆ ಹಾಕಿ ಕೊಟ್ಟ ಮೇಲೆ ನೋಡೇ ಇಲ್ಲ ಅನ್ನೋ ಹಾಗಿರ್ಬೇಕು. ಇಲ್ದಿದ್ರೆ ಈ ಅಂಗಡಿ ಇಷ್ಟು ವರ್ಷ ನಡೀತಿತ್ತಾ?"

ಹಾಗಾದರೆ ಮೂವತ್ತು ಸಾವಿರ ಚಿತ್ರಗಳಲ್ಲಿ ಬೇರೆಯವರದನ್ನ ನೋಡದೆ ನಮ್ಮದನ್ನ ಆರಿಸೋದು ಹೇಗೆ? ಅದಕ್ಕೆ ದಾರಿ ಇತ್ತು. ಕ್ಯಾಮೆರಾದಲ್ಲಿ ತೆಗೆದ ಫೋಟೊದ ಒಳಗೇ ಅದು ಯಾವ ಮಾಡೆಲ್ ಕ್ಯಾಮೆರಾ, ಯಾವ ದಿನ, ಎಷ್ಟು ಗಂಟೆಗೆ ತೆಗೆದದ್ದು ಅನ್ನೋದು ಬರೆದಿರುತ್ತೆ. ಎಕ್ಸಿಫ್ ಅಂತಾರೆ. ಹೆಸರು ಹೋದರೂ ಅದು ಹೋಗಿರೋದಿಲ್ಲ. ಮಾವನ ಕ್ಯಾಮೆರಾದ ಮಾಡೆಲ್ಲು, ಮದುವೆಯ ಹಿಂದಿನ ದಿನ ಮತ್ತು ಮದುವೆ ದಿನ, ಇಷ್ಟು ಹೊಂದೋ ಫೋಟೊಗಳನ್ನ ಮಾತ್ರ ಬೇರೆ ಫೋಲ್ಡರಿಗೆ ಹಾಕು ಅಂತ ನಾಲ್ಕು ಸಾಲಿನ ಕೋಡ್ ಬರೆದೆ. ಉಳಿದವನ್ನ ತೆರೆಯೋ ಅಗತ್ಯವೇ ಬೀಳಲಿಲ್ಲ.

ಮಾವ ಆ ಮದುವೆಯಲ್ಲಿ ಸುಮಾರು ಸಾವಿರದ ಎಂಟುನೂರು ಫೋಟೊ ತೆಗೆದಿದ್ದರಂತೆ. ನಮಗೆ ಸಿಕ್ಕಿದ್ದು ಸಾವಿರದ ಚಿಲ್ಲರೆ. ಅದರಲ್ಲೂ ಇನ್ನೂರರಷ್ಟು ಅರ್ಧಂಬರ್ಧ. ಮೇಲಿನ ಭಾಗ ಚೆನ್ನಾಗಿದ್ದು ಕೆಳಗೆ ಬರೀ ಬೂದು ಬಣ್ಣ. ಅಲ್ಲಿಯ ಜಾಗದಲ್ಲಿ ಹುಡುಗನ ಯಾವುದೋ ಸಿನಿಮಾ ಬಂದು ಕೂತಿತ್ತು.

ಮಾವ ಕನ್ನಡಕ ಹಾಕಿಕೊಂಡು, ಪೆನ್ಸಿಲು ಚೀಟಿ ಹಿಡಿದು ಕೂತರು. ವರಪೂಜೆ ಇದೆ. ಕಾಶೀಯಾತ್ರೆ ಇದೆ. ಮುಹೂರ್ತದ್ದು ಕಡಿಮೆ. ಧಾರೆ ಎರೆಯೋ ಫೋಟೊ ಐದು ತೆಗೆದಿದ್ದು ಅವರಿಗೆ ನೆನಪಿತ್ತು. ಎರಡು ಸಿಗಲೇ ಇಲ್ಲ. ಎರಡರಲ್ಲಿ ಅಪ್ಪನ ಮುಖ ಇತ್ತು, ಕೈ ಇರಲಿಲ್ಲ, ಅಲ್ಲಿಂದ ಕೆಳಗೆ ಬೂದು. ಐದನೆಯದು ಪೂರ್ತಿ ಇತ್ತು. ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ಮಗಳ ಕೈಯ ಮೇಲೆ ನೀರು ಬೀಳುತ್ತಿದೆ, ಅವರು ನೀರನ್ನ ನೋಡದೆ ಮಗಳ ಮುಖ ನೋಡುತ್ತಿದ್ದಾರೆ.

ಮಾವ ಚೀಟಿಯಲ್ಲಿ ಆ ನಂಬರ್ ಬರೆದುಕೊಂಡು ಅದರ ಸುತ್ತ ಒಂದು ಗೆರೆ ಎಳೆದರು. ಆಮೇಲೆ ಮುಂದಿನದು ಹಾಕು ಅಂದರು.

ಸಂಜೆ ಹೊರಡುವಾಗ ಕೇಳಿದರು. "ಆ ಹುಡುಗಂದು ಎಲ್ಲ ಇದ್ರಲ್ಲೇ ಉಳೀತಲ್ಲೇ. ಅವನಿಗೆ ಬೇಡ್ವಾ?"

ಆ ಹುಡುಗನ ವಿಷಯ ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಹನ್ನೆರಡು ಸಾವಿರ ಕೊಟ್ಟು ಅಂಗಡಿಯಲ್ಲಿ ಕೊಂಡಿದ್ದ, ಯುಪಿಐನಲ್ಲಿ ದುಡ್ಡು ಕಟ್ಟಿದ ದಾಖಲೆ ಇತ್ತು. ಕದ್ದ ಮಾಲು ಅಂತ ಗೊತ್ತಿದ್ದೋ, ಗೊತ್ತಾಗಬೇಕಾದ ಕಾರಣ ಇದ್ದೋ ಕೊಂಡರೆ ಅಪರಾಧ. ಗೊತ್ತಿಲ್ಲದೆ ಕೊಂಡವನು ಅಪರಾಧಿಯಲ್ಲ. ಅವನನ್ನ ಸಾಕ್ಷಿ ಮಾಡಿದ್ದರು. ಆದರೆ ಗೊತ್ತಿಲ್ಲದೆ ಕೊಂಡರೂ ಕದ್ದ ಮಾಲಿನ ಒಡೆತನ ಬರೋದಿಲ್ಲ. ದುಡ್ಡೂ ಹೋಯಿತು, ಲ್ಯಾಪ್‌ಟಾಪೂ ಹೋಯಿತು. ಅಂಗಡಿಯವನ ಹಿಂದೆ ಅಲೆಯಬೇಕಾದವನು ಅವನೇ.

ಮಾವ ವಕೀಲರನ್ನ ಕೇಳಿದರು. ಫಾರ್ಮ್ಯಾಟ್ ಮಾಡಬೇಡಿ, ಅಳಿಸಬೇಡಿ, ಅವನ ಫೈಲಿನ ನಕಲು ಅವನಿಗೆ ಕೊಡೋದಕ್ಕೆ ಅಡ್ಡಿಯಿಲ್ಲ, ಠಾಣೆಗೊಂದು ಮಾತು ತಿಳಿಸಿ ಅಂದರು. ಠಾಣೆಯವರೇ ಹುಡುಗನಿಗೆ ಫೋನ್ ಮಾಡಿದರು. ಮುಂದಿನ ಭಾನುವಾರ ಬಂದ. ನಾನೂ ಮತ್ತೆ ಹೋಗಿದ್ದೆ.

ಸ್ಟುಡಿಯೊದ ಬಾಗಿಲಲ್ಲೇ ನಿಂತ. "ಸರ್, ನಂಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಸರ್."

"ಗೊತ್ತು, ಬಾರಪ್ಪ ಒಳಗೆ. ಕಾಫಿ ಕುಡೀತೀಯ?"

ಅವನಿಗೆ ಬೇಕಾಗಿದ್ದದ್ದು ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟು, ಮನೆಯವರ ಫೋಟೊಗಳು. ನಾನು ಎರಡು ದಾರಿ ಹೇಳಿದೆ. ನಕಲಿನಿಂದ ಫೋಲ್ಡರುಗಳನ್ನ ನಾನೇ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಡಬಹುದು, ಪಾಸ್‌ವರ್ಡ್ ಬೇಕಾಗಿಲ್ಲ. ಇಲ್ಲವೇ ಅವನೇ ಲ್ಯಾಪ್‌ಟಾಪ್ ತೆರೆದು ತಗೋಬಹುದು.

ಅವನು ಸ್ವಲ್ಪ ಹೊತ್ತು ಕೀಬೋರ್ಡ್ ನೋಡುತ್ತಾ ಕೂತ. "ನಾನೇ ತಗೋತೀನಿ ಮೇಡಂ."

ಆನ್ ಮಾಡಿದ. ಅವನ ಹೆಸರು, ಪಕ್ಕದಲ್ಲಿ ನಗುತ್ತಿರುವ ಅಪ್ಪು ಫೋಟೊ, ಕೆಳಗೆ ಪಾಸ್‌ವರ್ಡಿನ ಖಾಲಿ ಜಾಗ. ಮಾವ ನೀಲಿ ಪರದೆ ಸರಿಮಾಡುವ ನೆಪದಲ್ಲಿ ಆ ಕಡೆ ತಿರುಗಿದರು. ನಾನು ಫೋನ್ ನೋಡಿದೆ. ಟಕಟಕ ಅಂತ ಹತ್ತು ಹನ್ನೆರಡು ಸಲ ಕೀ ಒತ್ತಿದ ಸದ್ದು, ಆಮೇಲೆ ವಿಂಡೋಸ್ ತೆರೆದುಕೊಂಡ ಬೆಳಕು. ಬೇಕಾದ್ದನ್ನ ಪೆನ್‌ಡ್ರೈವಿಗೆ ಹಾಕಿಕೊಂಡ. ಲಾಗಿನ್ ಆಗಿದ್ದ ಜಿಮೇಲು ಗಿಮೇಲು ಎಲ್ಲದರಿಂದ ಹೊರಬರೋಕೆ ನಾನು ಹೇಳಿಕೊಟ್ಟೆ. ಕೊನೆಗೆ ಸೆಟ್ಟಿಂಗ್ಸಿಗೆ ಹೋಗಿ ಪಾಸ್‌ವರ್ಡನ್ನ ತಾನೇ ತೆಗೆದ. ಅದು ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಹೋಗುವ ಮೊದಲು ಒಂದು ಪ್ರಶ್ನೆ ಕೇಳಿದ. "ಮೇಡಂ, ನಿಮ್ಮ ಹತ್ರ ಇರೋ ನಕಲು?" ಸರಿಯಾದ ಪ್ರಶ್ನೆ. ಅಷ್ಟರಲ್ಲಿ ಮದುವೆ ಫೋಟೊಗಳನ್ನ ಬೇರೆ ಎರಡು ಡಿಸ್ಕಿಗೆ ಹಾಕಿ ಆಗಿತ್ತು. ಅವನೆದುರೇ ನಕಲಿನ ಡಿಸ್ಕನ್ನ ಅಳಿಸೋಕೆ ಶುರು ಮಾಡಿದೆ. ಬರೀ ಡಿಲೀಟ್ ಅಲ್ಲ. ಡಿಲೀಟ್ ಮಾಡಿದ್ದು ಹೇಗೆ ಎದ್ದು ಬರುತ್ತೆ ಅಂತ ನಾವು ಹಿಂದಿನ ವಾರವಷ್ಟೇ ನೋಡಿದ್ದೆವಲ್ಲ. ಇಡೀ ಡಿಸ್ಕಿನ ಮೇಲೆ ಸೊನ್ನೆ ಬರೆಯೋದು. ಅದು ಮುಗಿಯೋಕೆ ಗಂಟೆಗಟ್ಟಲೆ ಬೇಕಿತ್ತು, ಅವನ ಬಸ್ಸಿಗೆ ಟೈಮಾಗಿತ್ತು. ರಾತ್ರಿ ಮುಗಿದ ಮೇಲೆ ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್ಯಾಪ್ ಮಾಡಿದೆ. ಕೈ ಮುಗಿಯೋ ಚಿತ್ರ ಕಳಿಸಿದ.

ಆಲ್ಬಂ ಆಗಿದ್ದು ಡಿಸೆಂಬರ್ ಕೊನೆಗೆ. ಮಾವನೇ ಮನೆಗೆ ತೆಗೆದುಕೊಂಡು ಹೋಗಿ ಕೊಟ್ಟರು. ಆ ತಾಯಿ ಪೂರ್ತಿ ದುಡ್ಡು ಕೊಡೋಕೆ ಬಂದರು, ಮಾವ ಪ್ರಿಂಟಿಂಗ್ ಖರ್ಚು ಮಾತ್ರ ತಗೊಂಡರು. ಗೋಡೆ ಮೇಲಿದ್ದ ಆಧಾರ್ ಕಾರ್ಡಿನ ಫೋಟೊ ಈಗಲೂ ಅಲ್ಲೇ ಇದೆಯಂತೆ. ಹಾರ ಹಾಕಿ ಪೂಜೆ ಮಾಡಿದ್ದನ್ನ ಇಳಿಸೋಕೆ ಅವರಿಗೆ ಮನಸ್ಸಾಗಲಿಲ್ಲ. ಧಾರೆ ಎರೆಯೋ ಫೋಟೊ ಪಕ್ಕದ ಗೋಡೆಯಲ್ಲಿದೆ.

ಇದನ್ನೆಲ್ಲ ಬರೆಯೋಕೆ ಕಾರಣ, ನಮ್ಮ ಮನೆಗಳಲ್ಲೆಲ್ಲ ಒಂದೊಂದು ಇಂಥ ಲ್ಯಾಪ್‌ಟಾಪ್ ಇದೆ. ಈ ವಾರ ಒಂದರ್ಧ ಗಂಟೆ ಇದಕ್ಕೆ ಕೊಡಿ. ಬಿಲ್ಲಿನ ಮತ್ತು ತಳದ ಸೀರಿಯಲ್ ನಂಬರಿನ ಫೋಟೊ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ. ನಮ್ಮ ಲ್ಯಾಪ್‌ಟಾಪ್ ನಮಗೆ ಸಿಕ್ಕಿದ್ದು ಆ ನಂಬರಿನಿಂದ. ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಮೂಲ ಬಿಲ್ ಕೇಳಿ, ಅದರ ನಂಬರನ್ನ ತಳದ ನಂಬರಿನ ಜೊತೆ ತಾಳೆ ನೋಡಿ. ಬಿಲ್ ಇಲ್ಲ ಅಂದರೆ ಎಷ್ಟು ಅಗ್ಗವಾದರೂ ಬೇಡ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಎನ್‌ಕ್ರಿಪ್ಷನ್ ಇದೆಯೋ ಇಲ್ಲವೋ ನೋಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಶುರು ಮಾಡಿದ್ದರೆ, ನಿಮಗೆ ಗೊತ್ತಿಲ್ಲದೆಯೇ ಆನ್ ಆಗಿರಬಹುದು. ಅದರ ರಿಕವರಿ ಕೀ 48 ಅಂಕಿಗಳದ್ದು, ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತೆ. ಈಗಲೇ ಬರೆದಿಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲೇ ಬರೆದಿಡಬೇಡಿ, ಬೀರುವಿನ ಕೀಲಿಯನ್ನ ಬೀರುವಿನೊಳಗೇ ಇಟ್ಟ ಹಾಗಾಗುತ್ತೆ.

ಒಂದು ಮಾತು ಮಾತ್ರ ಬಿಚ್ಚಿ ಹೇಳಬೇಕು. ಮಾವನ ಡಿಸ್ಕಿನಲ್ಲಿ ಎನ್‌ಕ್ರಿಪ್ಷನ್ ಇದ್ದಿದ್ದರೆ ಕಳ್ಳನಿಗೆ ಊರಿನವರ ಒಂದು ಮುಖವೂ ಕಾಣುತ್ತಿರಲಿಲ್ಲ. ಫಾರ್ಮ್ಯಾಟ್ ಆದ ಮೇಲೆ ನನಗೂ ಒಂದು ಫೋಟೊ ಸಿಗುತ್ತಿರಲಿಲ್ಲ. ಬೀಗ ಗಟ್ಟಿಯಾದಷ್ಟೂ ಇನ್ನೊಂದು ನಕಲು ಬೇರೆಡೆ ಇರಲೇಬೇಕು. ಎರಡೂ ಸೇರಿದರೇನೇ ಜೋಪಾನ. ಮಾವ ಈಗ ಪ್ರತಿ ಮದುವೆಯನ್ನ ಎರಡು ಡಿಸ್ಕಿಗೆ ಹಾಕುತ್ತಾರೆ. ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯಲ್ಲಿ ಅತ್ತೆಯ ಸೀರೆಗಳ ನಡುವೆ. ಆಲ್ಬಂ ಕೈಸೇರುವವರೆಗೆ ಮೆಮೊರಿ ಕಾರ್ಡ್ ಅಳಿಸೋದಿಲ್ಲ.

ಲ್ಯಾಪ್‌ಟಾಪು ಸ್ಟುಡಿಯೊದ ಬೀರುವಿನಲ್ಲಿದೆ. ಕೇಸು ಇನ್ನೂ ನಡೀತಿದೆ, ಕೋರ್ಟು ಯಾವಾಗ ಕರೆದರೂ ತೋರಿಸಬೇಕು. ಅದರ ಮೇಲೆ ಮಾವ ಒಂದು ಚೀಟಿ ಅಂಟಿಸಿದ್ದಾರೆ: "ಮುಟ್ಟಬಾರದು." ಒಳಗೆ ಹುಡುಗನ ಸಾಮಾನು ಹಾಗೇ ಇದೆ. ಕೇಸು ಮುಗಿದ ದಿನ ಫೋನ್ ಮಾಡಿ, ಬಂದು ಪೂರ್ತಿ ಅಳಿಸಿಕೊಡ್ತೀನಿ ಅಂತ ಮಾವನಿಗೆ ಹೇಳಿಟ್ಟಿದ್ದೇನೆ.